ನೀರಿನ ಮುಳ್ಳು ಹೇಳದ ಬಿಸಿ

ರಜೆ ಬಂತೆಂದರೆ ಆಸ್ಟ್ರೇಲಿಯಾದ ಹೆದ್ದಾರಿಗಳಲ್ಲಿ ಒಂದು ಜೋಡಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಮುಂದೆ ಎರಡೂವರೆ ಟನ್ನಿನ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್, ಹಿಂದೆ ಮೂರು ಟನ್ನಿನ ಕ್ಯಾರವಾನ್. ಲ್ಯಾಂಡ್ ಕ್ರೂಸರ್, ಫೋರ್ಡ್ ರೇಂಜರ್‌ನಂಥ ಗಾಡಿಗಳಿಗೆ ಅಲ್ಲಿ 3,500 ಕಿಲೋವರೆಗೆ ಎಳೆಯಲು ಅನುಮತಿಯಿದೆ. ಈ ಜೋಡಿ ನೂರು ಅಡಿಗೆ ಆರು ಅಡಿ ಏರುವ ರಸ್ತೆಯನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಬರೀ ಭಾರ ಎತ್ತುವುದಕ್ಕೇ ಸುಮಾರು 70 ಕಿಲೋವಾಟ್ ಶಕ್ತಿ ಬೇಕು. ಉರಿದ ಡೀಸೆಲ್‌ನಲ್ಲಿ ಚಕ್ರದ ಕೆಲಸಕ್ಕೆ ಒದಗುವುದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಅಷ್ಟೇ ಪಾಲು ಬಿಸಿಯಾಗಿ ಹೊಗೆಯ ಜೊತೆ ಹೊರಟುಹೋಗುತ್ತದೆ. ಅಂಥ ಏರು ಹತ್ತು ಕಿಲೋಮೀಟರ್ ಮುಂದುವರಿದರೂ ಡ್ಯಾಶ್‌ಬೋರ್ಡಿನಲ್ಲಿ ಕೂಲಂಟಿನ ಬಿಸಿ ತೋರಿಸುವ ನೀರಿನ ಮುಳ್ಳು ಮಾತ್ರ ನಟ್ಟನಡುವೆ ನಿಂತಿರುತ್ತದೆ. ಚಾಲಕ ಅದನ್ನೇ ನಂಬುತ್ತಾನೆ. ಭಾರ ಎಳೆಯುವ, ಮರಳಿನಲ್ಲಿ ಓಡುವ, ಘಾಟಿ ಹತ್ತುವ ಟರ್ಬೊ ಡೀಸೆಲ್ ಗಾಡಿಗೆ ಆ ಮುಳ್ಳೊಂದೇ ಸಾಲದು, ಹೊಗೆಯ ಉಷ್ಣಾಂಶವನ್ನೂ ಅಳೆಯಬೇಕು ಎಂಬುದು ನನ್ನ ವಾದ.

ಇದಕ್ಕೆ ಕಾರಣ ಡೀಸೆಲ್ ಇಂಜಿನ್ನಿನ ಸ್ವಭಾವದಲ್ಲೇ ಇದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ, ಇಂಧನ ಎರಡನ್ನೂ ಒಂದು ಲೆಕ್ಕದಲ್ಲಿ ಕೂಡಿಸಿ ಕೊಡಲಾಗುತ್ತದೆ. ಡೀಸೆಲ್‌ನಲ್ಲಿ ಗಾಳಿ ಧಾರಾಳವಾಗಿ ಒಳಬರುತ್ತದೆ. ಆಕ್ಸಿಲರೇಟರ್ ತುಳಿದಾಗ ಹೆಚ್ಚುವುದು ಇಂಜೆಕ್ಟರ್ ಚಿಮ್ಮಿಸುವ ಡೀಸೆಲ್. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಸಾಕು. ಗಾಡಿ ನಿಂತು ಇಂಜಿನ್ ಸುಮ್ಮನೆ ತಿರುಗುವಾಗ ಅದರ ನಾಲ್ಕೈದು ಪಟ್ಟು ಗಾಳಿ ಇರುತ್ತದೆ. ಆ ಹೆಚ್ಚುವರಿ ಗಾಳಿಯೇ ಬೆಂಕಿಯ ಕಾವನ್ನು ಹಂಚಿಕೊಳ್ಳುವುದರಿಂದ ಹೊಗೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಪೂರ್ತಿ ತುಳಿದಾಗ ಕಿಲೋ ಡೀಸೆಲ್‌ಗೆ ಸಿಗುವ ಗಾಳಿ ಇಪ್ಪತ್ತು ಕಿಲೋಗೂ ಕೆಳಗಿಳಿಯುತ್ತದೆ, ಹೊಗೆಯ ಬಿಸಿ 700 ಡಿಗ್ರಿಯತ್ತ ಏರುತ್ತದೆ. ಹಾಗಾಗಿ ಈ ಉಷ್ಣಾಂಶ ಗಾಳಿಗೂ ಡೀಸೆಲ್‌ಗೂ ನಡೆಯುತ್ತಿರುವ ಲೆಕ್ಕಾಚಾರದ ನೇರ ವರದಿ. ಧೂಳು ತುಂಬಿದ ಏರ್ ಫಿಲ್ಟರ್, ಬಿರುಕು ಬಿಟ್ಟ ಇಂಟರ್‌ಕೂಲರ್ ಪೈಪು, ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಇಂಧನ ಹೆಚ್ಚಿಸುವ ರೀಮ್ಯಾಪ್, ಎಲ್ಲವೂ ಈ ಒಂದು ಅಂಕಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಈ ಬಿಸಿಯನ್ನು ಎದುರಿಸುವ ಪಿಸ್ಟನ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಸಿಲಿಕಾನ್ ಬೆರೆತ ಪಿಸ್ಟನ್ ಲೋಹ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಉರಿಯ ಕ್ಷಣದಲ್ಲಿ ಜ್ವಾಲೆ 2,000 ಡಿಗ್ರಿ ದಾಟುತ್ತದಾದರೂ ಪಿಸ್ಟನ್ ಉಳಿಯುವುದು, ಆ ಕ್ಷಣ ಬಹಳ ಚಿಕ್ಕದಾಗಿರುವುದರಿಂದ ಮತ್ತು ಕೆಳಗಿನಿಂದ ಚಿಮ್ಮುವ ಆಯಿಲ್ ಕಾವನ್ನು ಸೆಳೆದುಕೊಳ್ಳುವುದರಿಂದ. ಬಂದ ಕಾವು ಹೋದ ಕಾವಿಗಿಂತ ಹೆಚ್ಚಾಗುತ್ತಾ ಹೋದರೆ ಪಿಸ್ಟನ್ನಿನ ನೆತ್ತಿ ಸೋಲುತ್ತದೆ. ಆದ್ದರಿಂದ ಇಲ್ಲಿ ಡಿಗ್ರಿಯಷ್ಟೇ ಮುಖ್ಯ ಹೊತ್ತು. ಓವರ್‌ಟೇಕ್ ಮಾಡುವಾಗ ಹತ್ತು ಸೆಕೆಂಡು 720 ಮುಟ್ಟಿದರೆ ಆತಂಕವಿಲ್ಲ. ಹತ್ತು ನಿಮಿಷ ಅಲ್ಲೇ ನಿಂತರೆ ಪಿಸ್ಟನ್, ಎಕ್ಸಾಸ್ಟ್ ವಾಲ್ವ್, ಮ್ಯಾನಿಫೋಲ್ಡ್, ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಟರ್ಬೊದ ಟರ್ಬೈನ್ ಎಲ್ಲವೂ ಸವೆಯುತ್ತವೆ. ನೀರಿನ ಮುಳ್ಳು ಇದನ್ನು ಹೇಳಲಾರದು. ಇಂಜಿನ್ನಿನ ಕಬ್ಬಿಣ, ಹತ್ತಾರು ಲೀಟರ್ ಕೂಲಂಟ್ ಬಿಸಿಯಾಗಲು ಸಮಯ ಬೇಕು. ಮೇಲಾಗಿ ಎಷ್ಟೋ ಗಾಡಿಗಳಲ್ಲಿ, ಉಷ್ಣಾಂಶ ಒಂದಷ್ಟು ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಕಂಪನಿಯೇ ಹೊಂದಿಸಿರುತ್ತದೆ. ಅದು ಮೇಲೆದ್ದಾಗ ಬರುವ ಸುದ್ದಿ, ಅನ್ನ ತಳ ಹತ್ತಿದ ಮೇಲೆ ಮೂಗಿಗೆ ಬರುವ ವಾಸನೆಯಂಥದು.

ಅಳೆಯುವ ಸಾಧನ ಸರಳ. ಎರಡು ಬೇರೆ ಲೋಹದ ತಂತಿಗಳನ್ನು ಬೆಸೆದು ಒಂದು ತುದಿಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುತ್ತದೆಂದು ನಮಗೆ ತಿಳಿಸಿದ್ದು 1821ರ ಥಾಮಸ್ ಸೀಬೆಕ್‌ನ ಪ್ರಯೋಗ. ಇಂದು ಈ ಕೆಲಸಕ್ಕೆ ಬಳಸುವ ಕೆ ಮಾದರಿಯ ಥರ್ಮೊಕಪಲ್ ನಿಕಲ್ ಮಿಶ್ರಲೋಹಗಳ ಜೋಡಿ. ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್, 700 ಡಿಗ್ರಿಗೆ ಹತ್ತಿರಹತ್ತಿರ 29 ಮಿಲಿವೋಲ್ಟ್ ಕೊಡುತ್ತದೆ. ತಕರಾರು ಇರುವುದು ಈ ತಂತಿಗಳಿರುವ ಕಡ್ಡಿಯನ್ನು ಹೊಗೆಯ ದಾರಿಯಲ್ಲಿ ಎಲ್ಲಿ ಕೂರಿಸಬೇಕೆಂಬುದರಲ್ಲಿ. ಟರ್ಬೊ ಆದಮೇಲೆ ಹಾಕಿಸಿದರೆ ಕ್ಷೇಮ, ಕಡ್ಡಿಯ ತುದಿ ಮುರಿದರೂ ಟರ್ಬೈನಿಗೆ ಪೆಟ್ಟಾಗದು ಎನ್ನುವವರಿದ್ದಾರೆ. ಆ ಭಯ ಪೊಳ್ಳಲ್ಲ. ಆದರೆ ಟರ್ಬೈನ್ ಹೊಗೆಯಿಂದ ಶಕ್ತಿ ಹಿಂಡಿಕೊಳ್ಳುವುದರಿಂದ ಅದರಾಚೆ ಬಿಸಿ ನೂರು, ಇನ್ನೂರು ಡಿಗ್ರಿ ತಗ್ಗಿರುತ್ತದೆ. ಎಷ್ಟು ತಗ್ಗುತ್ತದೆ ಎಂಬುದು ಭಾರ ಬದಲಾದಂತೆ ಬದಲಾಗುವುದರಿಂದ, ಇಂತಿಷ್ಟು ಕೂಡಿಸಿಕೊಳ್ಳಿ ಎನ್ನಲೂ ಬರುವುದಿಲ್ಲ. ಒಳ್ಳೆಯ ಕಡ್ಡಿಯನ್ನೇ ತಂದು, ಮ್ಯಾನಿಫೋಲ್ಡ್ ಬಿಚ್ಚಿ ಹೊರಗಿಟ್ಟು ರಂಧ್ರ ಕೊರೆದು, ಕಬ್ಬಿಣದ ಪುಡಿಯ ಒಂದು ಕಣವೂ ಉಳಿಯದಂತೆ ಒರೆಸಿ, ಟರ್ಬೊಗೆ ಮೊದಲೇ ಕೂರಿಸುವುದು ಸರಿ.

ಮಾಪಕ ಇಂಜಿನ್ನನ್ನು ತಣಿಸುವುದಿಲ್ಲ, ಚಾಲಕನ ಕಾಲನ್ನು ತಿದ್ದುತ್ತದೆ. ಏರಿನಲ್ಲಿ ಐದನೇ ಗೇರಿನಲ್ಲಿ ನಿಮಿಷಕ್ಕೆ 1,600 ಸುತ್ತಿಗೆ ಇಳಿದು ಮುಲುಗುತ್ತಿರುವ ಇಂಜಿನ್ನನ್ನು ಗಮನಿಸಿ. ಸದ್ದು ಕಡಿಮೆ, ಡೀಸೆಲ್ ಉಳಿಯುತ್ತಿದೆ ಅನ್ನಿಸುತ್ತದೆ. ಆದರೆ ಹೊಗೆಯ ಮಾಪಕದ ಮುಳ್ಳು 650, 680, 700 ಎಂದು ಏರುತ್ತಿರುತ್ತದೆ. ಅದೇ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿದರೆ ಇಂಜಿನ್ ಹೆಚ್ಚು ಸುತ್ತುತ್ತದೆ, ಸೆಕೆಂಡಿಗೆ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಒಂದೊಂದು ಹೊಡೆತಕ್ಕೂ ಡೀಸೆಲ್ ಕಡಿಮೆಯಾಗುತ್ತದೆ, ನೀರಿನ ಪಂಪೂ ಚುರುಕಾಗುತ್ತದೆ. ಗದ್ದಲ ಹೆಚ್ಚುತ್ತದೆ, ಹೊಗೆಯ ಬಿಸಿ ಇಳಿಯುತ್ತದೆ. ಕಿವಿ ಕೊಡುವ ತೀರ್ಪು ಇಲ್ಲಿ ತಲೆಕೆಳಗು. ಕಿವಿಯನ್ನೇ ನಂಬಿ ಘಾಟಿ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಈಗಿನ ಗಾಡಿಗಳಲ್ಲಿ ಕಂಪನಿಯವರೇ ಸೆನ್ಸರ್ ಇಟ್ಟಿರುತ್ತಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಮಾಲಿನ್ಯ ನಿಯಮದ ಡೀಸೆಲ್ ಗಾಡಿಗಳ ಮಸಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡಬೇಕಾದ್ದರಿಂದ ಉಷ್ಣಾಂಶ ಅಳೆಯಲೇಬೇಕು. ಮಿತಿ ಮೀರಿದರೆ ಕಂಪ್ಯೂಟರ್ ತಾನೇ ಡೀಸೆಲ್ ಕಡಿತ ಮಾಡುತ್ತದೆ. ಕಂಪನಿ ಕೊಟ್ಟ ಹಾಗೆಯೇ ಇರುವ ಇಂಥ ಗಾಡಿಗೆ ಹೊಸ ರಂಧ್ರ ಕೊರೆಸುವುದು ಅನಗತ್ಯ. ಡಯಾಗ್ನಾಸ್ಟಿಕ್ ಪೋರ್ಟಿಗೆ ಚಿಕ್ಕ ರೀಡರ್ ಸಿಕ್ಕಿಸಿ ಇರುವ ಅಂಕಿಗಳನ್ನೇ ಮೊಬೈಲಿನಲ್ಲಿ ಓದಬಹುದು. ಫಿಲ್ಟರ್ ಬಳಿಯ ಸೆನ್ಸರ್ ಮಸಿ ಸುಡುವಾಗ ಜಿಗಿದರೆ ಅದು ಇಂಜಿನ್ನಿನ ಸಂಕಟವಲ್ಲ ಎಂಬುದು ಗೊತ್ತಿರಲಿ. ಆದರೆ ರೀಮ್ಯಾಪ್ ಮಾಡಿಸಿದ ಕ್ಷಣ ಕಂಪನಿ ಇಟ್ಟಿದ್ದ ಆ ಕಾವಲು ಸಡಿಲವಾಗಿರಬಹುದು. ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಗಳಲ್ಲಂತೂ ಕಾವಲೇ ಇಲ್ಲ. ಬೆಂಗಳೂರಿನಿಂದ ಲಡಾಖ್‌ಗೆ ಹೊರಡುವ ಅಂಥ ಗಾಡಿ 5,300 ಮೀಟರ್ ಮೀರಿದ ಖಾರ್ದುಂಗ್ ಲಾ ಮುಟ್ಟುವಾಗ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಎತ್ತರಕ್ಕೆ ಹೊಂದಿಕೊಳ್ಳದ ಪಂಪು ಮೊದಲಿನಷ್ಟೇ ಡೀಸೆಲ್ ಸುರಿದರೆ ಹಿಂದೆ ಕಪ್ಪು ಹೊಗೆ, ಒಳಗೆ ಅತಿಕಾವು.

ಟರ್ಬೊಗೆ ಮೊದಲು 700 ಡಿಗ್ರಿ ಎಂಬ ಎಲ್ಲರೂ ಹೇಳುವ ಮಿತಿ ಶಾಸನವಲ್ಲ. ಇಂಜಿನ್ನಿಂದ ಇಂಜಿನ್ನಿಗೆ ಅದು ಬೇರೆ. ಎಲ್ಲ ಸಿಲಿಂಡರುಗಳ ಹೊಗೆ ಕೂಡುವಲ್ಲಿ ಅಳೆಯುವುದರಿಂದ, ಒಂದು ಇಂಜೆಕ್ಟರ್ ಸೋರಿ ಒಂದೇ ಪಿಸ್ಟನ್ ಸುಡುತ್ತಿದ್ದರೆ ಸರಾಸರಿ ಅದನ್ನು ಮುಚ್ಚಿಬಿಡಬಹುದು. ಹಾಗಾಗಿ ನಿಮ್ಮದೇ ಗಾಡಿ, ನಿಮ್ಮದೇ ಏರು, ಅದೇ ಭಾರ, ಅಲ್ಲಿ ಎಂದಿನ ಅಂಕಿ ಎಷ್ಟೆಂದು ಬರೆದಿಟ್ಟುಕೊಳ್ಳಿ. ಎಂದಿನ 600 ಒಂದು ದಿನ 660 ಆದರೆ ಮೊದಲು ಏರ್ ಫಿಲ್ಟರ್, ಪೈಪುಗಳನ್ನು ನೋಡಿ. ಇನ್ನು ಇಂಜಿನ್ನಿಗೆ ಹೆಚ್ಚು ಪಿಕಪ್ ಬೇಕೆಂದು ರೀಮ್ಯಾಪಿಗೆ ಹಣ ತೆಗೆದಿಟ್ಟಿರುವವರು ಅದರಲ್ಲಿ ಒಂದು ಪಾಲನ್ನು ಮೊದಲು ಈ ಮಾಪಕಕ್ಕೆ ಕೊಡಿ, ರೀಮ್ಯಾಪ್ ಆಮೇಲಾಗಲಿ.