ಗಾಜಿನ ಮನೆಯಲ್ಲಿ ಗಡಿ ಜಗಳ

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಮೀನಿನ ತೊಟ್ಟಿ ಕೊಡಿಸುತ್ತೇವೆಂದು ಮಾತು ಕೊಟ್ಟ ತಂದೆತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ರಜೆ ಬರುತ್ತಲೂ ಅಂಗಡಿಗೆ ಹೋದರೆ, ಗಾಜಿಗೆ ಮೂತಿಯೊತ್ತಿ ಬಂದವರನ್ನೇ ದಿಟ್ಟಿಸುವ ಆಸ್ಕರ್ ಮರಿಗಳು ಮಕ್ಕಳ ಮನ ಸೆಳೆಯುತ್ತವೆ. ಎರಡಂಗುಲದ ಮರಿ, ಕಪ್ಪು ಮೈಮೇಲೆ ಕಿತ್ತಳೆ ಗೆರೆ. ಮೂರು ಆಸ್ಕರ್, ಜೊತೆಗೊಂದು ಜ್ಯಾಕ್ ಡೆಂಪ್ಸಿ, ಹಣೆಯುಬ್ಬಿದ ಇನ್ನೊಂದು ಫ್ಲವರ್‌ಹಾರ್ನ್ - ಎಲ್ಲವೂ ಎರಡಡಿಯ ತೊಟ್ಟಿ ಸೇರುತ್ತವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಒಂದರ ಬಾಲ ಹರಿದಿರುತ್ತದೆ, ಇನ್ನೊಂದು ಮೂಲೆ ಹಿಡಿದಿರುತ್ತದೆ, ಮತ್ತೊಂದು ಬೆಳಗಾಗುವಾಗ ಸತ್ತು ತೇಲುತ್ತಿರುತ್ತದೆ. ‘ಈ ಜಾತಿಯೇ ದುಷ್ಟ’ ಎಂದು ಮನೆಮಂದಿ ತೀರ್ಮಾನಿಸಿಬಿಡುತ್ತಾರೆ.

ನಿಜಕ್ಕೂ ಅಲ್ಲಿ ನಡೆದದ್ದು ಜಾಗದ ತಕರಾರು. ಅದರ ಬೀಜ ಬಿದ್ದದ್ದು ಮೀನು ಕೊಂಡ ದಿನವೇ.

ಯಾರು ಈ ಸಿಕ್ಲಿಡ್‌ಗಳು?

ಮೇಲೆ ಹೇಳಿದ ಮೀನುಗಳೆಲ್ಲ ‘ಸಿಕ್ಲಿಡ್’ ಎಂಬ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಇವುಗಳ ೧,೬೦೦ಕ್ಕೂ ಹೆಚ್ಚು ಪ್ರಭೇದಗಳಿವೆ. ಆಸ್ಕರ್ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆಯದು. ಜ್ಯಾಕ್ ಡೆಂಪ್ಸಿ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ್ದು; ೧೯೧೯ರಿಂದ ೧೯೨೬ರವರೆಗೆ ವಿಶ್ವ ಹೆವಿವೇಟ್ ಚಾಂಪಿಯನ್ ಆಗಿದ್ದ ಮುಷ್ಟಿಕಾಳಗದ ಪಟುವಿನ ಹೆಸರನ್ನೇ ಅದಕ್ಕಿಟ್ಟಿದ್ದಾರೆ ಎಂದರೆ ಅದರ ಸ್ವಭಾವ ಊಹಿಸಬಹುದು. ಫ್ಲವರ್‌ಹಾರ್ನ್ ಯಾವ ನದಿಯದೂ ಅಲ್ಲ. ೧೯೯೦ರ ದಶಕದಲ್ಲಿ ಮಲೇಷ್ಯಾದಲ್ಲಿ ರೂಪುಗೊಂಡ ಮಿಶ್ರತಳಿ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಇದೇ ಕುಟುಂಬದ್ದು.

ಜಗಳಗಂಟ ಎಂದು ಹೆಸರಾದ ಈ ಕುಟುಂಬಕ್ಕೆ ಇನ್ನೊಂದು ಮುಖವೂ ಇದೆ. ಬಹಳಷ್ಟು ಮೀನುಗಳು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ. ಆಸ್ಕರ್ ಜೋಡಿ ಚಪ್ಪಟೆ ಕಲ್ಲನ್ನು ಬಾಯಿಂದಲೇ ಶುಚಿಮಾಡಿ, ಮೊಟ್ಟೆಯಿಟ್ಟು, ಗಂಡು ಹೆಣ್ಣು ಎರಡೂ ಕಾವಲು ನಿಂತು ಮರಿಗಳನ್ನು ಕಾಯುತ್ತವೆ. ಮರಿ ಉಳಿಯಬೇಕಾದರೆ ಒಂದು ಎಲ್ಲೆ ಬೇಕು. ಎಲ್ಲೆಯೊಳಗೆ ಬಂದವರನ್ನು ಓಡಿಸುವ ಕೆಚ್ಚು ಬೇಕು. ನಾವು ದುಷ್ಟತನ ಎನ್ನುವುದರ ಮೂಲ ಅಲ್ಲಿದೆ.

ಸೋತವನಿಗೆ ದಾರಿಯಿಲ್ಲ

ನದಿಯಲ್ಲಿ ಎರಡು ಮೀನು ಎದುರಾದರೆ ಮೊದಲು ನಡೆಯುವುದು ಬೆದರಿಕೆ. ಬಣ್ಣ ಕಪ್ಪಾಗುತ್ತದೆ, ಈಜುರೆಕ್ಕೆ ಬಿಚ್ಚಿಕೊಳ್ಳುತ್ತದೆ, ಕಿವಿರಿನ ಮುಚ್ಚಳ ಅರಳುತ್ತದೆ. ಅದಕ್ಕೂ ಬಗ್ಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತವೆ. ಸೋತದ್ದು ಈಜಿ ದೂರ ಹೋಗುತ್ತದೆ. ಅಲ್ಲಿಗೆ ಜಗಳ ಮುಗಿಯಿತು. ಎರಡಡಿಯ ತೊಟ್ಟಿಯಲ್ಲಿ ಹೋಗುವುದೆಲ್ಲಿಗೆ? ಸೋತ ಮೀನು ಗೆದ್ದ ಮೀನಿನ ಕಣ್ಣೆದುರೇ ಇರಬೇಕಾಗುತ್ತದೆ. ಹಾಗಾಗಿ ನದಿಯಲ್ಲಿ ಕೆಲವು ನಿಮಿಷದ ಜಗಳ ಇಲ್ಲಿ ಹಗಲಿಡೀ ನಡೆಯುತ್ತದೆ.

೧೯೭೩ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಂದಿಗೆ ಹಂಚಿಕೊಂಡ ಆಸ್ಟ್ರಿಯಾದ ಪ್ರಾಣಿವರ್ತನೆ ತಜ್ಞ ಕೊನ್ರಾಡ್ ಲೊರೆಂಜ್ ಸಿಕ್ಲಿಡ್‌ಗಳನ್ನು ಸಾಕಿ ನೋಡಿದವರು. ಒಂದು ತೊಟ್ಟಿಯ ನಡುವೆ ಗಾಜು ನಿಲ್ಲಿಸಿ ಎರಡೂ ಬದಿಗೆ ಒಂದೊಂದು ಜೋಡಿ ಬಿಟ್ಟರೆ, ಗಂಡುಗಳು ತಮ್ಮ ಸಿಟ್ಟನ್ನೆಲ್ಲ ಗಾಜಿನಾಚೆಯ ನೆರೆಯವನ ಮೇಲೆ ತೀರಿಸಿಕೊಳ್ಳುತ್ತಿದ್ದವು. ಪಾಚಿ ಕಟ್ಟಿ ಗಾಜು ಮಸುಕಾದಾಗ ಗಂಡು ತನ್ನ ಜೊತೆಗಾತಿಯ ಮೇಲೆಯೇ ಒರಟಾಗುತ್ತಿತ್ತು. ಜಗಳದ ಒತ್ತಡ ಒಳಗೇ ಇರುತ್ತದೆ, ಎದುರಿಗೆ ಯಾರು ಸಿಕ್ಕರೆ ಅವರ ಮೇಲೆ ಹರಿಯುತ್ತದೆ ಎಂಬುದು ಅವರ ವಿವರಣೆ. ಒಂದು ಮೀನನ್ನು ತೆಗೆದೊಡನೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಸ್ವಲ್ಪ ದೊಡ್ಡ ತೊಟ್ಟಿ ತಂದರೆ? ಅಮೆರಿಕದ ರೊನಾಲ್ಡ್ ಓಲ್ಡ್‌ಫೀಲ್ಡ್ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಮೈಡಾಸ್ ಸಿಕ್ಲಿಡ್ ಮರಿಗಳ ಜಗಳ, ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವಷ್ಟು ಅಲ್ಪಸ್ವಲ್ಪ ಜಾಗ ಹೆಚ್ಚಿಸಿದ್ದರಿಂದ ಕಡಿಮೆಯಾಗಲಿಲ್ಲ. ಬಹಳ ವಿಶಾಲವಾದ, ಮರೆಗಳೂ ಬಹಳಷ್ಟಿದ್ದ ಜಾಗದಲ್ಲಿ ಮಾತ್ರ ಅವು ಶಾಂತವಾದವು.

ವಿದ್ಯಾರ್ಥಿಗಳೇ, ಲೆಕ್ಕ ಹಾಕಿ

ಎರಡಂಗುಲದ ಆಸ್ಕರ್ ಹನ್ನೆರಡು ಅಂಗುಲವಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಉದ್ದ ಆರು ಪಟ್ಟಾದರೆ ತೂಕ ಎಷ್ಟು ಪಟ್ಟು? ಅಗಲ, ಎತ್ತರಗಳೂ ಅಷ್ಟೇ ಬೆಳೆಯುವುದರಿಂದ ಆರರ ಘನ, ಅಂದರೆ ಸುಮಾರು ೨೧೬ ಪಟ್ಟು! ಅದರ ಆಹಾರ, ಅದರ ಹೊಲಸು ಎರಡೂ ಹಾಗೆಯೇ ಏರುತ್ತವೆ. ‘ಇಷ್ಟು ನೀರಿಗೆ ಇಷ್ಟು ಅಂಗುಲ ಮೀನು’ ಎಂಬ ಸೂತ್ರ ಸಣ್ಣ ಮೀನುಗಳಿಗಷ್ಟೇ ಸರಿ ಎನ್ನುವುದು ಇದಕ್ಕೇ.

ಒಂದು ಘನ ಅಡಿಗೆ ಸುಮಾರು ೨೮ ಲೀಟರ್ ನೀರು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ೫೬ ಲೀಟರ್. ಬೆಳೆದ ಒಂದೇ ಆಸ್ಕರ್‌ಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ-ಎತ್ತರದ, ೨೫೦ ಲೀಟರಿನ ತೊಟ್ಟಿ ಬೇಕು. ಜೋಡಿಗಾದರೆ ೪೫೦ ಲೀಟರ್. ನೀರೊಂದೇ ೪೫೦ ಕಿಲೊ ಭಾರ! ಅದನ್ನು ಓದುವ ಮೇಜಿನ ಮೇಲೆ ಇಡಲಾಗದು.

ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಇರುತ್ತದೆ ಎಂದು ಹೇಳುವವರಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಗಾದೆ ಮೀನಿಗೆ ಅನ್ವಯಿಸುವುದಿಲ್ಲ. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ಹೊಂದಾಣಿಕೆಯಲ್ಲ, ಅನಾರೋಗ್ಯ.

ಕಣ್ಣಿಗೆ ಕಾಣದ ವಿಷ

ಕಿಕ್ಕಿರಿದ ತೊಟ್ಟಿಯಲ್ಲಿ ಕಚ್ಚಾಟಕ್ಕಿಂತ ಹೆಚ್ಚು ಮೀನುಗಳನ್ನು ಕೊಲ್ಲುವುದು ಅಮೋನಿಯಾ. ಮೀನು ಇದನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಉಳಿದು ಕೊಳೆತ ಆಹಾರದಿಂದಲೂ ಬರುತ್ತದೆ. ಫಿಲ್ಟರ್‌ನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀರು ಕ್ಷಾರೀಯವಾದಷ್ಟೂ, ಬಿಸಿಯಾದಷ್ಟೂ ಅಮೋನಿಯಾ ಹೆಚ್ಚು ಮಾರಕ. ಬೋರ್‌ವೆಲ್ ನೀರು ಬಳಸುವ ಮನೆಯವರು ಬೇಸಿಗೆಯಲ್ಲಿ ಇದನ್ನು ನೆನಪಿಡಬೇಕು.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿಯೇ ತುಂಬಿಸಿ. ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಜಗಳ ಬಿಡಿಸುವ ಬಗೆ

ಒಂದು ಮೀನು ಮೇಲ್ಮೈಯ ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತಿದ್ದರೆ, ಆಹಾರಕ್ಕೆ ಬಾರದಿದ್ದರೆ, ಅದು ಸೋತ ಮೀನು. ಅಂದೇ ಬೇರ್ಪಡಿಸಿ. ಬೇರೆ ತೊಟ್ಟಿ ಇಲ್ಲದಿದ್ದರೆ ತೂತುಗಳಿರುವ ಪ್ಲಾಸ್ಟಿಕ್ ಹಲಗೆಯನ್ನು ಅಡ್ಡ ನಿಲ್ಲಿಸಿ. ನೀರು ಹರಿಯಬೇಕು, ಮೀನು ನುಸುಳಬಾರದು.

ಒಂದು ಬದಿಯಿಂದ ನೋಡಿದರೆ ಇನ್ನೊಂದು ಬದಿ ಕಾಣದಂತೆ ಕಲ್ಲು, ಮರದ ಬೊಡ್ಡೆ ಇಡಿ. ಪ್ರತಿ ಮರೆಗೂ ಎರಡು ಬಾಗಿಲಿರಲಿ. ಒಂದೇ ಬಾಗಿಲಿದ್ದರೆ ಅದು ಬಲೆ. ಹೊಸ ಮೀನು ಬಿಡುವ ಮುನ್ನ ಕಲ್ಲುಗಳ ಜಾಗ ಬದಲಿಸಿ, ದೀಪ ಆರಿಸಿ. ಹಳೆಯ ಎಲ್ಲೆಗಳು ಅಳಿಸಿಹೋಗಿ ಎಲ್ಲವೂ ಹೊಸಬರಂತೆ ಶುರುಮಾಡುತ್ತವೆ. ಜೋಡಿಯೊಂದು ಮೊಟ್ಟೆಯಿಟ್ಟರೆ ಉಳಿದವನ್ನು ತೆಗೆಯಲೇಬೇಕು.

ಆಫ್ರಿಕದ ಮಲಾವಿ ಸರೋವರದ ಸಣ್ಣ ಸಿಕ್ಲಿಡ್‌ಗಳನ್ನು ಸಾಕುವವರು ಬೇಕೆಂದೇ ತುಸು ಹೆಚ್ಚು ಮೀನು ಬಿಡುತ್ತಾರೆ. ಏಟು ಒಂದರ ಮೇಲೇ ಬೀಳದೆ ಹಂಚಿಹೋಗುತ್ತದೆ. ಈ ಉಪಾಯವನ್ನು ಅಡಿಯುದ್ದದ ಮೀನುಗಳ ಮೇಲೆ ಪ್ರಯೋಗಿಸಬೇಡಿ. ಜಗಳ ಹಂಚಿಹೋಗುವ ಮೊದಲು ನೀರು ಕೆಟ್ಟಿರುತ್ತದೆ.

ಕೆರೆಗೆ ಬಿಡಬೇಡಿ

ಸಾಕಲಾಗದ ಮೀನನ್ನು ಕೆರೆಗೆ ಬಿಟ್ಟರೆ ಪುಣ್ಯ ಎಂಬ ಭಾವನೆ ಹಲವರಲ್ಲಿದೆ. ಅದು ಕೆರೆಯ ಮೀನುಗಳ ಪಾಲಿಗೆ ಪಾಪ. ೧೯೫೨ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಇಂದು ದೇಶದ ಎಷ್ಟೋ ಕೆರೆ, ನದಿಗಳನ್ನು ಹಿಡಿದಿದೆ. ನಮ್ಮದೇ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದವರ ಕರಿಮೀನ್ ಒಂದು, ಕಿತ್ತಳೆ ಕ್ರೋಮೈಡ್ ಇನ್ನೊಂದು. ಮೂರನೆಯದು ನಮ್ಮ ದಕ್ಷಿಣ ಕನ್ನಡದ ನದಿಗಳ ‘ಕೆನರಾ ಪರ್ಲ್‌ಸ್ಪಾಟ್’. ಇಂಥವುಗಳ ಮನೆಗೆ ಹೊರಗಿನ ಬಲಶಾಲಿಯನ್ನು ನುಗ್ಗಿಸಬಾರದು.

ಆದ್ದರಿಂದ ಕೊಳ್ಳುವ ಮುನ್ನವೇ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಇದು ಎಷ್ಟು ಉದ್ದ ಬೆಳೆಯುತ್ತದೆ? ಬೆಳೆದ ಮೇಲೆ ನೀವು ವಾಪಸು ತೆಗೆದುಕೊಳ್ಳುತ್ತೀರಾ? ಮನೆಯಲ್ಲಿ ಎರಡಡಿಯ ತೊಟ್ಟಿಗಷ್ಟೇ ಜಾಗವಿದ್ದರೆ ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಜೋಡಿಯೊಂದನ್ನು ತನ್ನಿ. ಮೂರು ನಾಲ್ಕು ಅಂಗುಲದ ಮೀನು. ಒಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿದರೆ ಅದೇ ಅವುಗಳ ಮನೆ. ತಾಯಿ ತಂದೆ ಮರಿಗಳನ್ನು ಹಿಂಡುಗಟ್ಟಿ ಮೇಯಿಸುವುದನ್ನು ಮಕ್ಕಳು ಅಲ್ಲಿಯೇ ಕಣ್ಣಾರೆ ನೋಡಬಹುದು.