ವಿದ್ಯುತ್ ದರ ನಿಗದಿ: ಆಯೋಗದ ಉತ್ತರದಾಯಿತ್ವ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ರೈಸ್‌ಮಿಲ್, ಗೇರುಬೀಜ ಕಾರ್ಖಾನೆ ಹಾಗೂ ಹಾಳೆತಟ್ಟೆ ಘಟಕಗಳಿಗೆ ವಿದ್ಯುತ್ ಒದಗಿಸುವುದು ಮೆಸ್ಕಾಂ. ಅದರ ದರವನ್ನು ನಿಗದಿಪಡಿಸುವುದು 1999ರಲ್ಲಿ ರಚನೆಗೊಂಡ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲಿನ ಮೊತ್ತವನ್ನು ಗ್ರಾಹಕರಿಂದಲೇ ವಸೂಲು ಮಾಡಲು ಆಯೋಗವು 2025ರ ಮಾರ್ಚ್‌ನಲ್ಲಿ ಅನುಮತಿ ನೀಡಿತು. 2025-26ನೇ ಸಾಲಿಗೆ ಇದು ಯೂನಿಟ್‌ಗೆ 36 ಪೈಸೆ. ತಿಂಗಳಿಗೆ 2,000 ಯೂನಿಟ್ ಬಳಸುವ ಘಟಕಕ್ಕೆ ವರ್ಷಕ್ಕೆ 8,640 ರೂಪಾಯಿಗಳ ಹೊರೆ.

ಇಂತಹ ಆದೇಶಗಳಿಗೆ ಆಯೋಗವು ಯಾರಿಗೆ ಉತ್ತರದಾಯಿ? 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಆಯೋಗದ ಲೆಕ್ಕಪತ್ರಗಳನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ವಾರ್ಷಿಕ ವರದಿಯನ್ನು ವಿಧಾನಮಂಡಲದ ಮುಂದಿಡಬೇಕು. ಇವು ಆಯೋಗದ ಖರ್ಚು ಹಾಗೂ ಕಾರ್ಯಗಳ ಪರಿಶೀಲನೆಗೆ ಒದಗುತ್ತವೆಯೇ ಹೊರತು ದರವನ್ನು ಬದಲಿಸಲಾರವು. ಆದೇಶ ಹೊರಬಿದ್ದ ಬಳಿಕ 111ನೇ ಕಲಮಿನಂತೆ 45 ದಿನಗಳೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಸಣ್ಣ ಉದ್ಯಮಿಗೆ ಅದು ದುಬಾರಿ. ಆದುದರಿಂದ 64ನೇ ಕಲಮಿನಂತೆ ಆದೇಶಕ್ಕೆ ಮುನ್ನ ಸಲ್ಲಿಸುವ ಆಕ್ಷೇಪಣೆಯೇ ಕೈಗೆಟಕುವ ಮಾರ್ಗ.

108ನೇ ಕಲಮಿನಂತೆ ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ಸರ್ಕಾರವು ಆಯೋಗಕ್ಕೆ ನಿರ್ದೇಶನ ನೀಡಬಹುದು. ಯಾವುದು ಅಂತಹ ವಿಷಯವೆಂಬ ಪ್ರಶ್ನೆಯಲ್ಲೂ ಸರ್ಕಾರದ ತೀರ್ಮಾನವೇ ಅಂತಿಮ. ಸುಧಾರಣೆ ಆರಂಭವಾಗಬೇಕಾದುದು ಇಲ್ಲಿಂದ. ಪ್ರತಿ ನಿರ್ದೇಶನವೂ ವಿಚಾರಣೆಗೆ ಮೊದಲೇ ಪ್ರಕಟವಾಗಬೇಕು. ದರ ಅರ್ಜಿಯ ಸಾರಾಂಶ ಸರಳ ಕನ್ನಡದಲ್ಲಿ ದೊರೆಯಬೇಕು. ತಾಲೂಕು ಕೇಂದ್ರಗಳಲ್ಲಿಯೂ ಅಹವಾಲು ಆಲಿಸಬೇಕು.

ಅಲ್ಲಿಯವರೆಗೆ ವರ್ತಕರು ತಮ್ಮ ಸಂಘದ ಮೂಲಕ ಹನ್ನೆರಡು ತಿಂಗಳ ಬಿಲ್ಲು ಹಾಗೂ ವಿದ್ಯುತ್ ಕಡಿತದ ದಾಖಲೆಗಳೊಡನೆ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸುವುದು ಉಚಿತ. ಕಡತದಲ್ಲಿರುವ ಅಂಕಿಅಂಶಗಳು ಮುಂದೆ ಮೇಲ್ಮನವಿಗೂ ಆಧಾರವಾಗುತ್ತವೆ.