ನಿಂಬೆ ಶರಬತ್ತು ಕಹಿಯಾಗುವುದೇಕೆ?

ಸಂಜೆ ನೆಂಟರು ಬರುತ್ತಾರೆಂದು ಬೆಳಿಗ್ಗೆಯೇ ನಿಂಬೆಹಣ್ಣು ಹಿಂಡಿ ರಸವನ್ನು ಫ್ರಿಜ್ಜಿನಲ್ಲಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಆ ರಸದಿಂದ ಸಂಜೆ ಮಾಡಿದ ಶರಬತ್ತು ಕುಡಿದ ಮೇಲೆ ಬಾಯಲ್ಲಿ ಸಣ್ಣದೊಂದು ಕಹಿ ಉಳಿಯುತ್ತದೆ. ಸಕ್ಕರೆ ಸುರಿದರೂ ಅದು ಪೂರ್ತಿ ಹೋಗುವುದಿಲ್ಲ. ಆಗ ಬೈಗುಳ ಬೀಳುವುದು ಹಣ್ಣು ಮಾರಿದವನಿಗೆ. ಪಾಪ, ಅವನದೇನೂ ತಪ್ಪಿಲ್ಲ. ಅದೇ ರಸವನ್ನು ಬೆಳಿಗ್ಗೆ ಹಿಂಡಿದ ಕೂಡಲೇ ಬೆರೆಸಿ ಕುಡಿದಿದ್ದರೆ ಯಾರಿಗೂ ದೂರು ಇರುತ್ತಿರಲಿಲ್ಲ.

ನಮ್ಮ ಸಂತೆಗಳಲ್ಲಿ ಸಿಗುವ ತೆಳು ಸಿಪ್ಪೆಯ ದುಂಡು ಹಣ್ಣು ಕಾಗ್ಜಿ ನಿಂಬೆ. ವಿಜಯಪುರ ಜಿಲ್ಲೆಯ ಇಂಡಿ ಭಾಗದಲ್ಲಿ ಬೆಳೆಯುವ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹೊರದೇಶದ ಅಡುಗೆ ಪುಸ್ತಕಗಳು ಹೇಳುವ ಉದ್ದನೆಯ, ದಪ್ಪ ಸಿಪ್ಪೆಯ ಹಳದಿ ಲೆಮನ್ ಬೇರೆಯದೇ ಹಣ್ಣು. ಅದರ ಲೆಕ್ಕದಲ್ಲಿ ನಮ್ಮ ನಿಂಬೆ ಹಿಂಡಿದರೆ ಅಳತೆ ತಪ್ಪುತ್ತದೆ. ಎರಡರಲ್ಲೂ ಹುಳಿಗೆ ಕಾರಣ ಮಾತ್ರ ಒಂದೇ, ಸಿಟ್ರಿಕ್ ಆಮ್ಲ. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಷೀಲೆ 1784ರಲ್ಲಿ ಅದನ್ನು ಲೆಮನ್ ರಸದಿಂದಲೇ ಹರಳು ರೂಪದಲ್ಲಿ ಬೇರ್ಪಡಿಸಿದ.

ಕಹಿಯ ಮೂಲ ಲಿಮೊನಾಯ್ಡ್ ಎಂಬ ಗುಂಪಿನ ವಸ್ತುಗಳು. ನಿಂಬೆಯನ್ನು ಅಡ್ಡಕ್ಕೆ ಕೊಯ್ದು ನೋಡಿ: ಹಸಿರು ಸಿಪ್ಪೆಗೆ ಅಂಟಿದ ಬಿಳಿ ಪದರ, ತೊಳೆತೊಳೆಗಳ ನಡುವಿನ ಪೊರೆ, ತೊಳೆಯೊಳಗೆ ಒತ್ತಾಗಿ ಕೂತ ರಸದ ಎಳೆಗಳು, ನಡುವೆ ಬೀಜ. ಪೊರೆ ಮತ್ತು ಬಿಳಿ ಪದರದ ಜೀವಕೋಶಗಳಲ್ಲಿ ಲಿಮೊನಾಯ್ಡ್ ಒಂದು ಕಹಿಯಿಲ್ಲದ ರೂಪದಲ್ಲಿರುತ್ತದೆ. ಅದರ ಅಣುವಿನ ಒಂದು ಉಂಗುರ ತೆರೆದುಕೊಂಡಿರುತ್ತದೆ. ಆಮ್ಲ ಅದನ್ನು ಮುಟ್ಟದಂತೆ ಹಣ್ಣು ಎರಡನ್ನೂ ಬೇರೆ ಬೇರೆ ಕಡೆ ಇಟ್ಟಿದೆ. ಹಿಂಡಿದಾಗ ಜೀವಕೋಶಗಳು ಒಡೆದು ಎಲ್ಲವೂ ಬೆರೆಯುತ್ತವೆ. ಆಮ್ಲದ ಒತ್ತಾಸೆ, ಜೊತೆಗೆ ಹಣ್ಣಿನದೇ ಕಿಣ್ವವೊಂದರ ನೆರವು ಸಿಕ್ಕಿ ತೆರೆದಿದ್ದ ಉಂಗುರ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಂಡ ಅಣುವೇ ಲಿಮೊನಿನ್, ಕಡು ಕಹಿ. ಲೀಟರಿಗೆ ಸುಮಾರು 6 ಮಿಲಿಗ್ರಾಂ ಇದ್ದರೂ ನಾಲಿಗೆ ಪತ್ತೆ ಹಚ್ಚುತ್ತದೆ. ಈ ಬದಲಾವಣೆ ಒಮ್ಮೆಲೇ ಆಗುವುದಿಲ್ಲ, ಗಂಟೆಗಟ್ಟಲೆ ನಡೆಯುತ್ತದೆ. ರಸವನ್ನು ಕಾಯಿಸಿದರೆ ಇನ್ನೂ ಬೇಗ. ಕಿತ್ತಳೆ, ಮೂಸಂಬಿ ರಸ ತುಂಬಿ ಮಾರುವ ಕಾರ್ಖಾನೆಗಳಿಗೂ ಇದೇ ತಲೆನೋವು.

ಬೀಜದಲ್ಲಂತೂ ಲಿಮೊನಾಯ್ಡ್ ಹೇರಳ. ಹಾಗಾಗಿ ಬೀಜ ಸಮೇತ ಮಿಕ್ಸಿಗೆ ಹಾಕುವುದು, ಸಿಪ್ಪೆಯನ್ನು ಮಗುಚಿ ಕೊನೆಯ ಹನಿಯವರೆಗೆ ತಿರುಚುವುದು ಎರಡೂ ಬೇಡ. ಕೊಯ್ಯುವ ಮೊದಲು ಹಣ್ಣನ್ನು ಅಂಗೈಯಡಿ ಒತ್ತಿ ಉರುಳಿಸಿದರೆ ಒಳಗಿನ ಎಳೆಗಳು ಸಡಿಲಗೊಂಡು ಮೃದುವಾಗಿ ಹಿಂಡಿದರೂ ರಸ ಇಳಿಯುತ್ತದೆ. ತಕ್ಷಣ ಸೋಸಿ. ಅರ್ಧ ಚಮಚ ರಸ ಸಿಪ್ಪೆಯಲ್ಲೇ ಉಳಿದರೆ ನಷ್ಟವೇನಿಲ್ಲ, ಉಪ್ಪು ಹಚ್ಚಿ ತಾಮ್ರದ ಚೊಂಬು ಬೆಳಗಲು ಬರುತ್ತದೆ.

ಸಕ್ಕರೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ತಣ್ಣೀರಿನಲ್ಲಿ ಸಕ್ಕರೆ ಕರಗುವುದಿಲ್ಲ ಎನ್ನುತ್ತಾರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಮಂಜಿನಷ್ಟು ತಣ್ಣಗಿದ್ದರೂ ಈ ಶಕ್ತಿ ಬಹಳವೇನೂ ಕುಗ್ಗುವುದಿಲ್ಲ, ಕುಗ್ಗುವುದು ಕರಗುವ ವೇಗ. ಆದ್ದರಿಂದ ಮೊದಲು ಸಕ್ಕರೆ, ಆಮೇಲೆ ನಿಂಬೆ, ಕಡೆಗೆ ಐಸ್.

ತಂಪು ಇನ್ನೊಂದು ಆಟವನ್ನೂ ಆಡುತ್ತದೆ. ಸಿಹಿಯನ್ನು ಮಿದುಳಿಗೆ ತಿಳಿಸುವ ನಾಲಿಗೆಯ ಜೀವಕೋಶಗಳಲ್ಲಿ ಒಂದು ಪ್ರೋಟೀನಿದೆ. ಅದು ಬೆಚ್ಚಗಿದ್ದಾಗ ಚುರುಕು, ತಂಪಾದಾಗ ಮಂಕು. ಐಸ್ ಹಾಕಿದ ಶರಬತ್ತಿಗೆ ಸಕ್ಕರೆ ಸಾಲದೆನಿಸಿ ಇನ್ನೊಂದು ಚಮಚ ಬೀಳುವುದು ಹೀಗೆ. ಅದೇ ಶರಬತ್ತು ಬೆಚ್ಚಗಾದರೆ ಕುಡಿಯಲಾಗದಷ್ಟು ಸಿಹಿ. ಸಕ್ಕರೆ ಸುರಿಯುವ ಬದಲು ಚಿಟಿಕೆ ಉಪ್ಪು ಹಾಕಿ ನೋಡಿ. ಅಮೆರಿಕದ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಷಾಂಪ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟಂತೆ, ಸೋಡಿಯಂ ಕಹಿಯನ್ನು ಅದುಮುತ್ತದೆ. ಕಹಿ ತಗ್ಗಿದಾಗ ಅದರಡಿ ಮುಚ್ಚಿಹೋಗಿದ್ದ ಸಿಹಿ ಮೇಲೆ ಬರುತ್ತದೆ. ಈ ಉಪಾಯ ನಮ್ಮ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು, ಕಾರಣ ತಿಳಿದಿರಲಿಲ್ಲ ಅಷ್ಟೆ. ನೊರೆ ಬರಲೆಂದು ಕೆಲವರು ಅಡುಗೆ ಸೋಡಾ ಹಾಕುವುದು ಮಾತ್ರ ಶುದ್ಧ ದಂಡ. ಅದು ಆಮ್ಲವನ್ನು ತಿಂದು ಸಪ್ಪೆ ಉಪ್ಪುಪ್ಪಾದ ಸೋಡಿಯಂ ಸಿಟ್ರೇಟ್ ಮಾಡಿಬಿಡುತ್ತದೆ. ನೊರೆ ಬೇಕೆಂದರೆ ಗೋಲಿ ಸೋಡಾ ತನ್ನಿ.

ಇನ್ನು ವಿಟಮಿನ್ ‘ಸಿ’. ನಿಂಬೆ ಎಂದರೆ ಅದೇ ನೆನಪಾಗುತ್ತದೆ, ಆದರೆ ಕೀರ್ತಿ ಕೊಂಚ ಅತಿಯಾಯಿತು. ಕಾಗ್ಜಿ ಜಾತಿಯ ನಿಂಬೆಯ 100 ಮಿಲಿಲೀಟರ್ ರಸದಲ್ಲಿ ಇರುವುದು ಸುಮಾರು 30 ಮಿಲಿಗ್ರಾಂ. ಒಂದು ಹಣ್ಣಿನಿಂದ ಇಪ್ಪತ್ತು, ಇಪ್ಪತ್ತೈದು ಮಿಲಿಲೀಟರ್ ರಸ ಬಂದರೆ ನಿಮಗೆ ದಕ್ಕುವುದು ಆರೇಳು ಮಿಲಿಗ್ರಾಂ ಮಾತ್ರ. ಒಂದು ಸೀಬೆಹಣ್ಣು ತಿಂದರೆ ಇದರ ಎಷ್ಟೋ ಪಟ್ಟು ಸಿಗುತ್ತದೆ. ನಿಂಬೆಯ ಈ ಕೊರತೆ ಬ್ರಿಟಿಷ್ ನೌಕಾಪಡೆಗೆ ದುಬಾರಿಯಾಗಿತ್ತು. ಕಿತ್ತಳೆ, ಲೆಮನ್ ಹಣ್ಣುಗಳು ವಿಟಮಿನ್ ‘ಸಿ’ ಕೊರತೆಯಿಂದ ಬರುವ ಸ್ಕರ್ವಿ ರೋಗವನ್ನು ವಾಸಿಮಾಡುತ್ತವೆಂದು ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನ ಹನ್ನೆರಡು ರೋಗಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಮುಂದೆ ನೌಕಾಪಡೆ ಮೆಡಿಟರೇನಿಯನ್ ಲೆಮನ್ ಬಿಟ್ಟು ವೆಸ್ಟ್ ಇಂಡೀಸಿನ ನಿಂಬೆಗೆ ಬದಲಾಯಿಸಿತು. ಅದು ನಮ್ಮ ಕಾಗ್ಜಿಯ ಜಾತಿಯದೇ. ಹುಳಿ ಜೋರು, ವಿಟಮಿನ್ ಕಡಿಮೆ. 1875ರಲ್ಲಿ ಆರ್ಕ್ಟಿಕ್ ಕಡೆ ಹೊರಟ ಜಾರ್ಜ್ ನೇರ್ಸ್‌ನ ತಂಡ ಆ ರಸವನ್ನೇ ನಂಬಿಕೊಂಡು ಹೋಗಿ ಸ್ಕರ್ವಿಗೆ ತುತ್ತಾಯಿತು. ಸ್ಕರ್ವಿಯನ್ನು ತಡೆಯುವುದು ಹುಳಿಯೇ ಎಂದು ಆ ಕಾಲದವರು ತಿಳಿದಿದ್ದರು.

ವಾಂತಿ ಭೇದಿಗೆ ಶರಬತ್ತು ಕೊಡುವವರೂ ಇದ್ದಾರೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಅಲ್ಲಿ ಮುಖ್ಯವಾದದ್ದು ಅಳತೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದು ಲೋಟ ಶರಬತ್ತಿಗೆ ನಾಲ್ಕು ಚಮಚ ಹಾಕುವ ನಮ್ಮ ಲೆಕ್ಕದಲ್ಲಿ ಲೀಟರಿಗೆ ಇಪ್ಪತ್ತು ಚಮಚವಾಯಿತು. ಅಷ್ಟು ಸಕ್ಕರೆ ಕರುಳಿಗಿಳಿದರೆ ದೇಹದ ನೀರನ್ನೇ ಅತ್ತ ಎಳೆದು ಭೇದಿ ಹೆಚ್ಚಿಸುತ್ತದೆ. ಕಾಯಿಲೆಯವರಿಗೆ ಓಆರ್‌ಎಸ್ ಪೊಟ್ಟಣವೇ ಸರಿ.

ಸಿಪ್ಪೆ ಜೋರಾಗಿ ಹಿಂಡಬೇಡಿ ಎನ್ನಲು ಕಹಿಯ ಜೊತೆಗೆ ಇನ್ನೊಂದು ಕಾರಣವಿದೆ. ಸಿಪ್ಪೆಯ ಎಣ್ಣೆಯಲ್ಲಿ ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ತಾಕಿದರೆ ಒಂದೆರಡು ದಿನಗಳಲ್ಲಿ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಮದುವೆ ಮನೆಯ ಹಿತ್ತಲಲ್ಲಿ, ಜಾತ್ರೆಯ ಅರವಟಿಗೆಯಲ್ಲಿ ಬುಟ್ಟಿಗಟ್ಟಲೆ ನಿಂಬೆ ಹಿಂಡುವವರು ನೆರಳಲ್ಲಿ ಕೂತೇ ಆ ಕೆಲಸ ಮಾಡಲಿ. ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೇ ಬಿಸಿಲಿಗೆ ಇಳಿಯಲಿ.